ಎರಡ್ಸಲದವರು ಒಂದೇ ಸಲ ಒತ್ತಿದ್ದು

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಹಸಿರು ಗುಂಡಿ. ಅಂಗಿಯ ಗುಂಡಿಗಿಂತ ತುಸು ದೊಡ್ಡದು. ಅದು ಇದ್ದದ್ದು ವಿಮಾನದೊಳಗೆ ಕೂರಿಸಿದ ರೇಡಾರಿನ ದಾಖಲೆ ಪೆಟ್ಟಿಗೆಯ ಮೇಲೆ. ಒಮ್ಮೆ ಒತ್ತಿದರೆ ದಾಖಲೆ ಶುರು, ಇನ್ನೊಮ್ಮೆ ಒತ್ತಿದರೆ ಬಂದ್. ಇಷ್ಟು ಸರಳವಾದ ಗುಂಡಿಯನ್ನು ಜಗತ್ತಿನಲ್ಲಿ ಯಾರ ಕೈಗೆ ಬೇಕಾದರೂ ಕೊಡಬಹುದಿತ್ತು, ಒಬ್ಬರನ್ನು ಬಿಟ್ಟು. ಅದು ಸಿಕ್ಕಿದ್ದು ಆ ಒಬ್ಬರ ಕೈಗೇ.

ಆ ರೇಡಾರ್ ಇಂಜಿನಿಯರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಕುತ್ತಿಗೆಗೆ ನೇತುಹಾಕಿಕೊಂಡ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಕಚೇರಿಯಲ್ಲೂ ಬೀದಿಯಲ್ಲೂ ಎಲ್ಲರಿಗೂ ಅವರು ‘ಎರಡ್ಸಲದವರು’. ಬಾಗಿಲಿಗೆ ಬೀಗ ಹಾಕಿ ಮೆಟ್ಟಿಲಿಳಿದು, ಮತ್ತೆ ಹತ್ತಿಬಂದು ಎಳೆದು ನೋಡುವವರು. ಲಕೋಟೆಗೆ ಅಂಟು ಹಚ್ಚಿದ ಮೇಲೆ ಒಳಗೆ ಕಾಗದವಿದೆಯೋ ಇಲ್ಲವೋ ಎಂದು ಬಿಚ್ಚಿ ನೋಡುವವರು. ಮದುವೆಯ ಮಾತು ನಡೆದ ದಿನ ಹುಡುಗಿಯನ್ನು “ನಿಮಗೆ ಒಪ್ಪಿಗೆ ತಾನೆ?” ಎಂದು ಎರಡು ಸಲ ಕೇಳಿದ್ದರು. ಎರಡನೇ ಸಲ ಕೇಳಿದಾಗ ಒಂದು ಗಳಿಗೆ ಯೋಚನೆಗೆ ಬಿದ್ದಿದ್ದೆ ಎಂದು ಹೆಂಡತಿ ಈಗಲೂ ಹೇಳುತ್ತಾರೆ.

ಇವರ ಕೆಲಸ ಬೀಳುವುದನ್ನು ನೋಡುವುದು. ಉಪಗ್ರಹವನ್ನು ಕಕ್ಷೆಗೆ ಮುಟ್ಟಿಸಿದ ರಾಕೆಟ್ಟಿನ ಕೊನೆಯ ಹಂತ, ಎಂದರೆ ಬಸ್ಸಿನಷ್ಟು ದೊಡ್ಡದೊಂದು ಖಾಲಿ ಟ್ಯಾಂಕು ಮತ್ತು ಅದರ ಬುಡದ ಎಂಜಿನ್, ಕೆಲಸ ಮುಗಿದ ಮೇಲೆ ವಾತಾವರಣಕ್ಕೆ ಮರಳಿ ನುಗ್ಗುತ್ತದೆ. ನುಗ್ಗಿ, ಕಾದು, ಮುರಿದು ಚೂರುಚೂರಾಗುತ್ತದೆ. ಯಾವ ಎತ್ತರದಲ್ಲಿ ಮುರಿಯಿತು, ಎಷ್ಟು ತುಂಡಾಯಿತು, ಯಾವ ತುಂಡು ಸುಟ್ಟುಹೋಗದೆ ಕೆಳಗೆ ಬಂತು ಎಂಬುದು ತಿಳಿದರೆ, ಮುಂದೊಂದು ದಿನ ಯಾರ ತಲೆಯ ಮೇಲೆ ಏನು ಬೀಳಬಹುದೆಂದು ಮೊದಲೇ ಹೇಳಬಹುದು. ಆದರೆ ಇವು ಬೀಳುವುದು ನಡುಸಮುದ್ರದಲ್ಲಿ. ದಡದ ರೇಡಾರಿಗೆ ಅಷ್ಟು ದೂರ ಕಾಣದು. ಆದ್ದರಿಂದ ರೇಡಾರನ್ನೇ ವಿಮಾನದಲ್ಲಿಟ್ಟುಕೊಂಡು ಅಲ್ಲಿಗೆ ಹೋಗಬೇಕು. ಟ್ಯಾಂಕು ಒಡೆಯುವುದು ಎಪ್ಪತ್ತೆರಡು ಕಿಲೋಮೀಟರ್ ಎತ್ತರದಲ್ಲಿ ಎಂಬುದು ಕಚೇರಿಯ ಹಳೆಯ ಲೆಕ್ಕ. ಅದಕ್ಕಿಂತ ಬಹಳ ಮೇಲೆಯೇ ಒಡೆಯುತ್ತದೆ ಎಂಬುದು ಎರಡ್ಸಲದವರ ಹಟ. ಎಂಟು ವರ್ಷದ ಹಟ.

ಕಳೆದ ಹಾರಾಟದಲ್ಲಿ ಅದು ರುಜುವಾತಾಗಬೇಕಿತ್ತು. ಗುಂಡಿ ಒತ್ತಿದರು. ದೀಪ ಹೊತ್ತಿತು. ‘ಒತ್ತಿದೆನೆ?’ ಎಂಬ ಸಂಶಯ ಬಂತು. ಇನ್ನೊಮ್ಮೆ ಒತ್ತಿದರು. ತೆರೆಯ ಮೇಲೆ ಚಿತ್ರ ಸೊಗಸಾಗಿ ಮೂಡಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ತೆರೆಯ ದಾರಿ ಬೇರೆ, ದಾಖಲೆಯ ದಾರಿ ಬೇರೆ. ಇಳಿದು ಬಂದು ನೋಡಿದರೆ ಪೆಟ್ಟಿಗೆಯಲ್ಲಿದ್ದದ್ದು ಒಂದೂವರೆ ಸೆಕೆಂಡಿನ ದಾಖಲೆ.

“ಇನ್ನೊಂದೇ ಅವಕಾಶ” ಎಂದಿತು ಹಾರಾಟಗಳಿಗೆ ಒಪ್ಪಿಗೆ ಕೊಡುವ ಸಮಿತಿ. ಈ ಸಲವೂ ಪೆಟ್ಟಿಗೆ ಖಾಲಿ ಬಂದರೆ ರೇಡಾರು ಗೋದಾಮಿಗೆ, ವಿಮಾನದಲ್ಲಿ ಅದರ ಜಾಗ ಹವಾಮಾನ ವಿಭಾಗಕ್ಕೆ.

ಆ ಒಂದು ಅವಕಾಶದ ದಿನ ಇವತ್ತು. ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ ರಾಕೆಟ್ಟಿನ ಹಂತ ಬೀಳುವುದಿತ್ತು.

ಬೆಳಗ್ಗೆ ಗ್ರಂಥಾಲಯದ ಕೆಲಸಕ್ಕೆ ಹೊರಟ ಹೆಂಡತಿ ಗಂಡನ ಬಲಗೈ ಹಿಡಿದು, ಅಂಗೈ ಮೇಲೆ ಪೆನ್ನಿನಿಂದ ದಪ್ಪಕ್ಷರದಲ್ಲಿ ‘ಒಂದೇ ಸಲ’ ಎಂದು ಬರೆದರು.

“ರೀ, ಗುಂಡಿ ಹತ್ರ ಹೋದ್ಮೇಲೆ ನೆನಪಿಸ್ಕೊಂಡ್ರೆ ಆಗಲ್ಲ. ಈಗಿನಿಂದ್ಲೇ ಅಭ್ಯಾಸ ಮಾಡಿ. ಏನು ಮಾಡಿದ್ರೂ ಒಂದೇ ಸಲ. ತಿಳೀತಾ?”

“ತಿಳೀತು. ತಿಳೀತು.”

“ನೋಡಿ, ಆಗ್ಲೇ ಎರಡ್ಸಲ!”

ಹೆಂಡತಿ ಹೋದ ಮೇಲೆ ಎರಡ್ಸಲದವರು ಅಭ್ಯಾಸಕ್ಕಿಳಿದರು. ಚಹಾಕ್ಕೆ ಸಕ್ಕರೆ ಹಾಕಿ ಒಂದೇ ಸುತ್ತು ಕಲಕಿ ಕುಡಿದರು. ಮೊದಲ ಗುಟುಕು ಕಷಾಯ, ಕೊನೆಯ ಗುಟುಕು ಪಾಕ. ತಲೆಗೆ ಒಂದೇ ಸಲ ಬಾಚಣಿಗೆ ಆಡಿಸಿದರು. ಕನ್ನಡಿಯಲ್ಲಿ ಅರ್ಧ ತಲೆ ಮದುವೆಗೆ ಹೊರಟಂತೆಯೂ ಇನ್ನರ್ಧ ಈಗತಾನೆ ಹಾಸಿಗೆಯಿಂದ ಎದ್ದಂತೆಯೂ ಕಂಡಿತು. ಬಾಗಿಲೆಳೆದುಕೊಂಡು ಕೀಲಿಯನ್ನು ಒಂದು ಸುತ್ತು ತಿರುಗಿಸಿ, ಕೈ ಹಳೇ ಚಾಳಿ ಹಿಡಿಯುವ ಮೊದಲೇ ದಡದಡ ಮೆಟ್ಟಿಲಿಳಿದರು.

ಗೇಟಿನ ಹತ್ತಿರ ಬಂದಾಗ ನೆನಪಾಯಿತು. ಮನೆಯ ಬೀಗ ಹಳೆಯ ಕಾಲದ್ದು. ಎರಡು ಸುತ್ತು ತಿರುಗಿಸಿದರೇ ಅದರ ನಾಲಿಗೆ ಚೌಕಟ್ಟಿನೊಳಕ್ಕೆ ಹೋಗುವುದು. ತಿರುಗಿ ಓಡಿದರೆ, ಕೆಳಮನೆಯ ನಿವೃತ್ತ ಹೆಡ್‌ಮಾಸ್ಟರು ಮೆಟ್ಟಿಲಿಗೆ ಅಡ್ಡ ನಿಂತಿದ್ದರು. ಊರುಗೋಲನ್ನು ರೈಲ್ವೆ ಗೇಟಿನಂತೆ ಚಾಚಿದ್ದರು.

“ಎಲ್ಲಿಗಯ್ಯಾ?”

“ಬೀಗ ಸಾರ್...”

“ಹತ್ತಬೇಡ! ನಿನ್ನ ಹೆಂಡತಿ ಹೇಳಿ ಹೋಗಿದಾಳೆ. ಇವತ್ತು ನೀನು ಮೆಟ್ಟಿಲು ಹತ್ತಿದ್ಯೋ, ಗುಂಡೀನೂ ಎರಡ್ಸಲ ಒತ್ತಿದೆ ಅಂತಲೇ ಲೆಕ್ಕ.”

“ಹಾಗಲ್ಲ ಸಾರ್, ಆ ಬೀಗಕ್ಕೇ ಎರಡು ಸುತ್ತು ಬೇಕು.”

“ನಲವತ್ತು ವರ್ಷ ಮಕ್ಕಳ ನೆಪ ಕೇಳಿದೀನಿ ನಾನು. ಇದಕ್ಕಿಂತ ಒಳ್ಳೇ ನೆಪ ಮೂರನೇ ತರಗತಿಯವರು ಹೇಳ್ತಿದ್ರು. ನಡಿ, ನಡಿ. ಮನೆ ನಾನು ನೋಡ್ಕೋತೀನಿ.”

ಎರಡ್ಸಲದವರು ಹೋದರು. ರಸ್ತೆ ದಾಟುವಾಗ ಬಲಕ್ಕೆ ಒಂದೇ ಸಲ ನೋಡಿದ್ದರಿಂದ ಹಾಲಿನ ಸೈಕಲ್ಲಿನವನ ಬಾಯಲ್ಲಿ ಬರಬಾರದ್ದೆಲ್ಲ ಬಂತು. ಅವನೂ ಒಂದೇ ಸಲ ಬೈದು ಸುಮ್ಮನಾಗಲಿಲ್ಲ.

ವಿಮಾನದ ಶೆಡ್ಡಿನಲ್ಲಿ ಬೆಸುಗೆ ಮಾಮ ಕಾಯುತ್ತಿದ್ದರು. ರೇಡಾರಿನ ತಂತಿಗಳನ್ನೆಲ್ಲ ನೋಡಿಕೊಳ್ಳುವ ಹಿರಿಯ ತಂತ್ರಜ್ಞರು ಅವರು. ಕಿವಿಯ ಮೇಲೆ ಪೆನ್ಸಿಲ್ಲು, ಕೈಯಲ್ಲಿ ಬೆಸುಗೆ ಕಡ್ಡಿ. ಇವರನ್ನು ಕಂಡಿದ್ದೇ ಮುಖವೆಲ್ಲ ನಗು.

“ಸಾರ್, ಒಂಚೂರೂ ಗಾಬರಿ ಆಗ್ಬೇಡಿ. ಇವತ್ತು ನೀವು ನಿಮ್ಮ ಹಾಗೇ ಇರಿ, ಸಾಕು. ಮಿಕ್ಕಿದ್ದೆಲ್ಲ ನಾನು ನೋಡ್ಕೊಂಡಿದೀನಿ.”

‘ನಿಮ್ಮ ಹಾಗೇ ಇರಿ’ ಎಂಬುದು ಎರಡ್ಸಲದವರಿಗೆ ಚುಚ್ಚಿತು. ಕಳೆದ ಸಲ ತಮ್ಮ ಹಾಗೇ ಇದ್ದದ್ದಕ್ಕೇ ತಾನೆ ಇಷ್ಟೆಲ್ಲ ಆದದ್ದು? ಮುಖ ಬಿಗಿದುಕೊಂಡು, ಮಾಮ ಚಾಚಿದ ಯಂತ್ರ ತಪಾಸಣೆಯ ಹಾಳೆಯನ್ನು ಮೇಲಿನಿಂದ ಕೆಳಗೆ ಒಂದು ಸಲ ಓದಿ ಸಹಿ ಹಾಕಿದರು. ಬೆರಳು ತಾನಾಗಿ ಹಾಳೆಯ ಮೂಲೆ ಹಿಡಿದು ತಿರುಗಿಸಲು ಹೋಯಿತು. ಅದನ್ನು ಹಿಂದಕ್ಕೆಳೆದುಕೊಂಡರು.

“ಹಿಂದ್ಗಡೆ ಒಂಚೂರು ನೋಡಿ ಸಾರ್,” ಎಂದರು ಮಾಮ.

“ಬೇಡ ಮಾಮ. ಇವತ್ತು ನಾನು ಯಾವುದನ್ನೂ ತಿರುಗಿಸಿ ನೋಡಲ್ಲ.” ಹಾಳೆಯನ್ನು ಮಡಿಚಿ ಜೇಬಿಗೆ ಹಾಕಿಕೊಂಡರು.

“ಅಯ್ಯೋ, ಅದಲ್ಲ ಸಾರ್...”

ಅಷ್ಟರಲ್ಲಿ ಕಚೇರಿಯ ನಿರ್ದೇಶಕರು ಬಂದರು. ಬಗಲಲ್ಲಿ ಒಂದು ಖಾಲಿ ಬಿಸ್ಕತ್ತಿನ ಡಬ್ಬ. ಹಿಂದೆ ಅಳತೆಯ ಟೇಪು ಹಿಡಿದ ಮೋಡದ ಮೇಡಂ. ಹವಾಮಾನ ವಿಭಾಗದ ಮುಖ್ಯಸ್ಥೆ ಅವರು, ಮೋಡಗಳ ಒಳಗಿನ ಹನಿಗಳನ್ನು ಎಣಿಸುವವರು. ಖಾಲಿಯಾಗಬಹುದಾದ ಜಾಗವನ್ನು ಕಣ್ಣಾರೆ ನೋಡಲು ಸಮಿತಿಯಿಂದ ಒಪ್ಪಿಗೆ ಪಡೆದಿದ್ದರು.

“ಮಾಮ, ನಿಮ್ಮ ಸೀಟು ಮೇಡಂಗೆ ಕೊಡ್ಬೇಕು. ನೀವು ಕೆಳಗೇ ಇರಿ” ಎಂದರು ನಿರ್ದೇಶಕರು.

“ನಾನಾ? ಕೆಳಗಾ? ಸಾರ್, ಒಂದು ವಿಷಯ ಹೇಳ್ಬೇಕಿತ್ತು.”

“ಬಂದ್ಮೇಲೆ ಹೇಳಿ. ಹೊತ್ತಾಯ್ತು, ಹೊತ್ತಾಯ್ತು!”

ಬಾಗಿಲು ಮುಚ್ಚಿತು. ಎಂಜಿನ್ನು ಗುಡುಗಿತು. ಕಿಟಕಿಯಿಂದ ನೋಡಿದರೆ ಕೆಳಗೆ ಬೆಸುಗೆ ಮಾಮ ಎರಡು ಬೆರಳೆತ್ತಿ ಕುಣಿಯುತ್ತಿದ್ದರು. ಗೆಲುವಿನ ಗುರುತು! ಪಾಪ, ಸೀಟು ಹೋದರೂ ಎಂಥ ಒಳ್ಳೆಯ ಮನಸ್ಸು ಎಂದುಕೊಂಡರು ಎರಡ್ಸಲದವರು. ಅವರೂ ಎರಡು ಬೆರಳೆತ್ತಿ ತೋರಿಸಿದರು. ಅದನ್ನು ಕಂಡು ಮಾಮ ನೆಮ್ಮದಿಯಿಂದ ತಲೆಯಾಡಿಸಿ ಶೆಡ್ಡಿನ ಕಡೆ ಹೋದರು.

ಎರಡೂವರೆ ಗಂಟೆ ಹಾರಾಟ. ಕೆಳಗೆ ಸಮುದ್ರ, ಅದರ ಮೇಲೆ ಹತ್ತಿ ಹಿಂಜಿ ಹರಡಿದಂಥ ಮೋಡ. ಮೇಡಂ ಸುಮ್ಮನೆ ಕೂರಲಿಲ್ಲ.

“ಒಂಚೂರು ಎದ್ದೇಳ್ತೀರಾ? ನಿಮ್ಮ ಕುರ್ಚಿ ಅಳೀಬೇಕು.”

“ಮೇಡಂ, ಇನ್ನೂ ನಾನಿದ್ರ ಮೇಲೆ ಕೂತಿದೀನಿ.”

“ಕೂತಿರಿ, ಕೂತಿರಿ. ನಿಮ್ಮನ್ನೂ ಸೇರಿಸಿ ಅಳೆದು ಆಮೇಲೆ ಕಳೀತೀನಿ.”

ಹನ್ನೆರಡು ಮೂವತ್ತೆಂಟು. ನಿರ್ದೇಶಕರು ಬಿಸ್ಕತ್ತಿನ ಡಬ್ಬ ಎತ್ತಿಕೊಂಡು ದಾಖಲೆ ಪೆಟ್ಟಿಗೆಯ ಪಕ್ಕ ಸಜ್ಜಾಗಿ ನಿಂತರು. “ನೀವು ಒತ್ತಿದ ತಕ್ಷಣ ನಾನು ಇದನ್ನ ಗುಂಡಿ ಮೇಲೆ ಕವುಚಿ ಕೈ ಇಡ್ತೀನಿ. ನೀವೇ ಬೇಡಿಕೊಂಡ್ರೂ ಎತ್ತಲ್ಲ. ಸರೀನಾ?”

“ಸರಿ ಸಾರ್. ಸರಿ ಸಾರ್.”

“ಬಾಯಿ ಎರಡ್ಸಲ ಆಡ್ಲಿ ಬಿಡಿ. ಕೈ ಆಡದಿದ್ರೆ ಸಾಕು.”

ತೆರೆಯ ಅಂಚಿನಲ್ಲಿ ಒಂದು ಬಿಳಿ ಚುಕ್ಕೆ ಮೂಡಿತು. ಎರಡ್ಸಲದವರು ಅಂಗೈ ನೋಡಿಕೊಂಡರು. ಬೆವರಿಗೆ ‘ಒಂದೇ’ ಎಂಬುದು ಅಳಿಸಿಹೋಗಿ ಬರಿಯ ‘ಸಲ’ ಉಳಿದಿತ್ತು. ಇರಲಿ, ಎದೆಯೊಳಗೆ ಅಚ್ಚಾಗಿತ್ತಲ್ಲ. ಉಸಿರು ಬಿಗಿಹಿಡಿದು ಬೆರಳು ಮುಂದಿಟ್ಟು ಒತ್ತಿದರು.

ಒಂದೇ ಸಲ.

ಬೆರಳೆತ್ತುವುದಕ್ಕೂ ಡಬ್ಬ ಠಪ್ಪೆಂದು ಬೀಳುವುದಕ್ಕೂ ಸರಿಹೋಯಿತು. ಗುಂಡಿ, ಗುಂಡಿಯ ಪಕ್ಕದ ದೀಪ, ಎಲ್ಲವೂ ಡಬ್ಬದ ಕೆಳಗೆ. ಇನ್ನೊಮ್ಮೆ ಒತ್ತಲು ಕೈ ಎಳೆಯಿತು. ತುರಿಕೆ ಬಂದ ಜಾಗವನ್ನು ಕೆರೆದುಕೊಳ್ಳದೆ ಕೂತವನ ಸಂಕಟ ಅದು. ಎರಡ್ಸಲದವರು ಬಲಗೈಯನ್ನು ತೊಡೆಯ ಕೆಳಗಿಟ್ಟು ಅದರ ಮೇಲೇ ಕೂತುಬಿಟ್ಟರು.

ಆಮೇಲೆ ಅವರಿಗೆ ಕೈಯ ನೆನಪೂ ಇರಲಿಲ್ಲ. ಚುಕ್ಕೆ ಉದ್ದವಾಯಿತು, ನಡುಗಿತು. ತಲೆಗೆ ಹಾಕಿಕೊಂಡ ಮೈಕಿನಲ್ಲಿ ಅವರು ಕಂಡದ್ದನ್ನೆಲ್ಲ ಕೂಗಿ ಹೇಳುತ್ತ ಹೋದರು. “ಎಂಬತ್ತೆರಡು ಕಿಲೋಮೀಟರ್, ಎಂಬತ್ತೆರಡು. ಇನ್ನೂ ಇಡಿಯಾಗಿದೆ, ಇನ್ನೂ ಇಡಿಯಾಗಿದೆ. ಎಪ್ಪತ್ತೆಂಟು, ಎಪ್ಪತ್ತೆಂಟು... ಒಡೀತು! ಒಡೀತು!”

ಒಂದು ಎರಡಾಯಿತು, ಎರಡು ಐದಾಯಿತು. ತೆಳು ತಗಡಿನ ಚೂರುಗಳು ಗಾಳಿಗೆ ಸೋತು, ವೇಗ ಕಳೆದುಕೊಂಡು ಹಿಂದುಳಿದವು. ಭಾರದ ಎಂಜಿನ್ ಯಾರನ್ನೂ ಕಾಯದೆ ಮುಂದೆ ನುಗ್ಗಿತು. ನಡುವೆ ಉಳಿದವು ಒಂದರ ಹಿಂದೊಂದು ಸಾಲಾದವು. ಹೊರಗೆ ಕಿಟಕಿಯಲ್ಲಿ ಬಿಸಿಲು, ಮೋಡ, ಬೇರೇನೂ ಕಾಣದು. ಇನ್ನೂರು ಕಿಲೋಮೀಟರ್ ಆಚೆ ಒಂದು ಇಡೀ ಯಂತ್ರ ಬಿಚ್ಚಿಹೋಗುತ್ತಿರುವುದು ಆ ಪುಟ್ಟ ತೆರೆಯ ಮೇಲೆ ಮಾತ್ರ, ಸದ್ದಿಲ್ಲದೆ.

ಮೋಡದ ಮೇಡಂ ಕೈಯಿಂದ ಟೇಪು ಜಾರಿ ಸರ್ರನೆ ಸುತ್ತಿಕೊಂಡಿತು. “ಅಲ್ಲಿ, ಆ ಕೊನೇಲಿ ತೇಲ್ತಿರೋದನ್ನ ಎಣಿಸಿದ್ರಾ? ಅದು ಸೇರಿ ಹದಿನಾಲ್ಕು!”

“ಹದಿನಾಲ್ಕು, ಹದಿನಾಲ್ಕು!” ಎಂದರು ಎರಡ್ಸಲದವರು.

ಆರು ನಿಮಿಷಕ್ಕೆ ಎಲ್ಲ ಮುಗಿಯಿತು. ಚಪ್ಪಾಳೆ. ಎಪ್ಪತ್ತೆಂಟು! ಎಂಟು ವರ್ಷದ ಹಟ ಗೆದ್ದಿತ್ತು. ನಿರ್ದೇಶಕರು ಗೆದ್ದ ಪೈಲ್ವಾನನ ಕೈಯೆತ್ತುವಂತೆ ಡಬ್ಬವನ್ನು ಮೇಲೆತ್ತಿದರು.

ದೀಪ ಹೊತ್ತಿರಲಿಲ್ಲ.

“ದೀಪ ಎಲ್ರೀ?” ಎಂದರು ನಿರ್ದೇಶಕರು.

ಎರಡ್ಸಲದವರು ಪೆಟ್ಟಿಗೆಯ ಲೆಕ್ಕ ನೋಡಿದರು. ಸೊನ್ನೆ. ಇನ್ನೊಮ್ಮೆ ನೋಡಿದರು, ಈಗ ಯಾರೂ ತಡೆಯಲಿಲ್ಲ. ಆಗಲೂ ಸೊನ್ನೆ. ಕಳೆದ ಸಲ ಒಂದೂವರೆ ಸೆಕೆಂಡಾದರೂ ಇತ್ತು.

ವಾಪಸು ಬರುವ ದಾರಿಯುದ್ದಕ್ಕೂ ವಿಮಾನ ಸಾವಿನ ಮನೆಯಂತಿತ್ತು. ಮೇಡಂ ಟೇಪನ್ನು ಚೀಲದೊಳಗೆ ಹಾಕಿ ಜಿಪ್ ಎಳೆದುಬಿಟ್ಟಿದ್ದರು.

ಕೆಳಗೆ ಬೆಸುಗೆ ಮಾಮ ಓಡಿಬಂದರು. “ಹೇಗಿತ್ತು ಸಾರ್ ನನ್ನ ಕೈಚಳಕ?”

“ಯಾವ ಕೈಚಳಕ ಮಾಮ?” ಎರಡ್ಸಲದವರ ದನಿ ಬಾವಿಯೊಳಗಿಂದ ಬಂದಂತಿತ್ತು.

“ಗುಂಡೀದು! ನಿನ್ನೆ ಇಡೀ ದಿನ ಕೂತು ಬದಲಾಯಿಸಿದೆನಲ್ಲ! ಹುಟ್ಟುಗುಣ ಸುಟ್ಟರೂ ಹೋಗಲ್ಲ, ನೀವು ಹೇಗೂ ಎರಡ್ಸಲ ಒತ್ತೇ ಒತ್ತೀರಿ ಅಂತ, ಎರಡ್ಸಲ ಒತ್ತಿದ್ರೇ ಶುರುವಾಗೋ ಹಾಗೆ ತಂತಿ ಹಾಕಿದೀನಿ. ಒಂದೇ ಸಲ ಒತ್ತಿದ್ರೆ ಅದು ಜಪ್ಪಯ್ಯ ಅಂದ್ರೂ ಶುರುವಾಗಲ್ಲ. ಹಾಳೆ ಹಿಂದ್ಗಡೆ ಬರೆದಿದ್ನಲ್ಲ ಸಾರ್. ನಾನು ಎರಡು ಬೆರಳು ತೋರಿಸ್ದೆ, ನೀವೂ ತೋರಿಸಿದ್ರಿ...”

ಎಲ್ಲರ ಮುಖ ನೋಡಿ ಮಾಮನ ಮಾತು ಎಣ್ಣೆ ತೀರಿದ ದೀಪದಂತೆ ಸಣ್ಣಗಾಯಿತು.

“ಒಂದೇ ಸಲ ಒತ್ತಿದ್ರಾ?” ಎಂದರು ಪಿಸುದನಿಯಲ್ಲಿ.

ಎರಡ್ಸಲದವರು ಹೌದೆಂದು ತಲೆಯಾಡಿಸಿದರು. ಹುಟ್ಟಿದಾಗಿನಿಂದ ಒಂದೇ ಒಂದು ಸಲ, ಒಂದೇ ಒಂದು ಸಲ ಅವರು ತಮ್ಮನ್ನು ತಾವು ಗೆದ್ದಿದ್ದರು.

ನಿರ್ದೇಶಕರು ಯಾರನ್ನು ಬೈಯಬೇಕೆಂದು ಸುತ್ತ ನೋಡಿದರು. ಮಾಮನನ್ನು ಕೆಳಗಿಳಿಸಿದ್ದು ಅವರೇ. ಡಬ್ಬ ಕವುಚಿದ್ದೂ ಅವರೇ. ಡಬ್ಬವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡರು.

ಆಗ ಮೆಟ್ಟಿಲಿಳಿಯುತ್ತಿದ್ದ ಪೈಲಟ್ಟು ಕೇಳಿದರು, “ಅಲ್ಲ, ನಿಮಗೆ ಬೇಕಾದ್ದು ನಂಬರುಗಳು ತಾನೆ? ಈ ಪುಣ್ಯಾತ್ಮರು ಆರು ನಿಮಿಷ ನನ್ನ ಕಿವೀಲಿ ಕೂಗಿದ್ದೆಲ್ಲ ಕಾಕ್‌ಪಿಟ್ಟಿನ ಧ್ವನಿ ಪೆಟ್ಟಿಗೇಲಿ ಇರತ್ತಲ್ಲ. ಗಳಿಗೆ, ಸೆಕೆಂಡು ಸಮೇತ.”

ಧ್ವನಿ ಪೆಟ್ಟಿಗೆಯನ್ನು ಬಿಚ್ಚಿ ತಂದು ಶೆಡ್ಡಿನಲ್ಲೇ ಕೇಳಿದರು. ಎಂಜಿನ್ನಿನ ಮೊರೆತಕ್ಕೆ ಅರ್ಧಕ್ಕರ್ಧ ಮಾತು ಕೇಳದು. ಆದರೆ ಮೊದಲ ‘ಎಪ್ಪತ್ತೆಂಟು’ ಮುಳುಗಿದ ಕಡೆ ಎರಡನೆಯದು ತೇಲುತ್ತಿತ್ತು; ಎರಡನೆಯದು ಅಳಿಸಿದ ಕಡೆ ಮೊದಲನೆಯದು ನಿಚ್ಚಳ. ಒಂದೊಂದೇ ಸಲ ಹೇಳಿದ್ದರೆ ಏನೂ ಉಳಿಯುತ್ತಿರಲಿಲ್ಲ. ಕೊನೆಯಲ್ಲಿ ಮೇಡಂ ದನಿ: “ಅದು ಸೇರಿ ಹದಿನಾಲ್ಕು!”

“ಇದು ರುಜುವಾತಲ್ಲ,” ಎಂದರು ನಿರ್ದೇಶಕರು ನಿಧಾನವಾಗಿ. “ಆದ್ರೆ ಇನ್ನೊಂದು ಅವಕಾಶ ಕೇಳೋಕೆ ಸಾಕು. ನಾಲ್ಕು ತಿಂಗಳಿಗೆ ಮುಂದಿನದು ಬೀಳತ್ತೆ. ಮೇಡಂ, ನೀವೇನಂತೀರಿ?”

“ಆ ಹದಿನಾಲ್ಕನೇದು ಎಲ್ಲಿಗೆ ಹೋಯ್ತು ಅಂತ ನಂಗೂ ಗೊತ್ತಾಗ್ಬೇಕು,” ಎಂದರು ಮೇಡಂ. “ಸಮಿತಿಗೆ ನಾನೂ ಬರೀತೀನಿ. ಅಳತೆ ಎಲ್ಲೂ ಓಡಿಹೋಗಲ್ಲ.”

ನಿರ್ದೇಶಕರು ಎರಡ್ಸಲದವರ ಹೆಗಲ ಮೇಲೆ ಕೈಯಿಟ್ಟರು. “ನೋಡಿ, ಇನ್ಮೇಲೆ ನೀವು ಎಲ್ಲಾನೂ ಎರಡ್ಸಲ ಮಾಡಿ. ಬಾಯಲ್ಲೂ, ಕೈಯಲ್ಲೂ. ಇದು ನನ್ನ ಆದೇಶ.”

ಎರಡ್ಸಲದವರು ಗಾಳಿಯಲ್ಲಿ ತೇಲುತ್ತ ಮನೆಗೆ ಹೊರಟರು. ರಸ್ತೆ ದಾಟುವಾಗ ಎರಡೂ ಕಡೆ ಎರಡೆರಡು ಸಲ ನೋಡಿದರು. ಸೈಕಲ್ಲಿನವನು ಎದುರಾದಾಗ ಎರಡು ಸಲ ಕ್ಷಮೆ ಕೇಳಿದರು.

ಗೇಟಿನಲ್ಲಿ ಹೆಂಡತಿಯೂ ಹೆಡ್‌ಮಾಸ್ಟರೂ ಕಾಯುತ್ತಿದ್ದರು.

“ಎಷ್ಟು ಸಲ ಒತ್ತಿದೆಯಯ್ಯಾ?” ಎಂದು ಗುಡುಗಿದರು ಹೆಡ್‌ಮಾಸ್ಟರು.

“ಒಂದೇ ಸಲ ಸಾರ್.” ಅದು ಸತ್ಯವೇ ಆಗಿತ್ತು.

ಹೆಂಡತಿಯ ಕಣ್ಣು ತುಂಬಿತು. “ಗೊತ್ತಿತ್ತು ರೀ ನಂಗೆ!” ಎಂದು ಥಳಥಳಿಸುವ ಹೊಸ ಕೀಲಿಯೊಂದನ್ನು ಕೈಗಿತ್ತರು. “ಏನೂ ಕೇಳ್ಬೇಡಿ. ಹೋಗಿ ಬಾಗಿಲು ತೆಗೀರಿ.”

ಬಾಗಿಲಿಗೆ ಹೊಸ ಬೀಗ ಕೂತಿತ್ತು. ಎರಡ್ಸಲದವರು ಕೀಲಿ ಹಾಕಿ ಒಂದು ಸುತ್ತು ತಿರುಗಿಸಿದರು. ಟಕ್ಕೆಂದಿತು. ದೂಡಿದ್ದರೆ ತೆರೆಯುತ್ತಿತ್ತು. ದೂಡಲಿಲ್ಲ. ನಿರ್ದೇಶಕರ ಆದೇಶ ಕಿವಿಯಲ್ಲಿತ್ತು, ಹಳೆಯ ಬೀಗದ ಅಭ್ಯಾಸ ಮಣಿಕಟ್ಟಿನಲ್ಲಿತ್ತು. ಬಲವಾಗಿ ಇನ್ನೊಂದು ಸುತ್ತು ತಿರುಗಿಸಿದರು.

ಪಟ್! ಕೈಯಲ್ಲಿ ಅರ್ಧ ಕೀಲಿ. ಬೀಗದ ನಾಲಿಗೆ ಕಟ್ಟೆಂದು ಮತ್ತೆ ಚೌಕಟ್ಟಿನೊಳಕ್ಕೆ ಹೋಯಿತು.

“ಅಯ್ಯೋ, ಅದು ಒಂದೇ ಸುತ್ತಿನ ಬೀಗ ಕಣ್ರೀ!” ಹೆಂಡತಿ ಹಣೆ ಚಚ್ಚಿಕೊಂಡರು. “ಬೆಳಗ್ಗೆ ನೀವು ಹೋದ್ಮೇಲೆ ಬಾಗಿಲು ತಾನಾಗೇ ತೆರೆದುಕೊಂಡಿತ್ತಂತೆ. ಮೇಷ್ಟ್ರು ಸಂಜೇವರೆಗೂ ಕುರ್ಚಿ ಹಾಕ್ಕೊಂಡು ಕಾವಲು ಕೂತಿದ್ರು. ನೀವು ಹೇಗೂ ಬದಲಾಗಿ ಬರ್ತೀರಿ, ಇನ್ನು ಎರಡು ಸುತ್ತಿನ ಬೀಗ ಯಾಕೆ ಅಂತ ನಾನೇ ಫೋನಲ್ಲಿ ಹೇಳಿ ಬೀಗ ಬದಲಾಯಿಸ್ದೆ!”

“ಇನ್ನೊಂದು ಕೀಲಿ?”

“ಒಳಗೆ. ಮೇಜಿನ ಮೇಲೆ.”

ಹೆಡ್‌ಮಾಸ್ಟರು ಬೀಗದವನಿಗೆ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ಬರುತ್ತಾನಂತೆ. ಮೂವರೂ ಮೆಟ್ಟಿಲ ಮೇಲೆ ಸಾಲಾಗಿ ಕೂತರು. ಅರ್ಧ ಕೀಲಿಯನ್ನು ಅಂಗೈಯಲ್ಲಿಟ್ಟುಕೊಂಡು ಎರಡ್ಸಲದವರು ನಡೆದದ್ದನ್ನೆಲ್ಲ ಹೇಳಿದರು: ಡಬ್ಬ, ಸೊನ್ನೆ, ಮಾಮನ ತಂತಿ, ಧ್ವನಿ ಪೆಟ್ಟಿಗೆ. ಬಿಳಿ ಚುಕ್ಕೆ ನಡುಗಿ ಒಡೆದದ್ದು, ಹಗುರದವು ಹಿಂದುಳಿದದ್ದು, ಭಾರದ್ದು ಯಾರನ್ನೂ ಕಾಯದೆ ಹೋದದ್ದು, ಕಟ್ಟಕಡೆಗೆ ತೇಲಿಬಂದ ಆ ಹದಿನಾಲ್ಕನೆಯದು.

ಮುಗಿದ ಮೇಲೆ ಹೆಂಡತಿ ಅವರ ಅಂಗೈಯಿಂದ ಮುರಿದ ಕೀಲಿ ಎತ್ತಿಕೊಂಡರು. ಅದರ ಕೆಳಗೆ ತಾವೇ ಬರೆದದ್ದರಲ್ಲಿ ಉಳಿದಿದ್ದ ಒಂಟಿ ‘ಸಲ’ವನ್ನು ನೋಡಿದರು. ಆಮೇಲೆ ಗಂಡನ ಹೆಗಲಿಗೆ ಒರಗಿ ಕೂತು ಹೇಳಿದರು:

“ಆ ಹದಿನಾಲ್ಕು ತುಂಡಿಂದು ಇನ್ನೊಂದ್ಸಲ ಹೇಳಿ.”